ಸಂಕದ ಮೇಲೆ ನಿಂತ ರೈಲು

ನಾನು ಓದಿದ ಕ್ಯಾಂಪಸ್ಸಿನಲ್ಲಿ ಒಂದು ರೈಲು ದಾರಿ ಇತ್ತು. ಕಾಂಕ್ರೀಟ್ ಕಂಬಗಳ ಮೇಲೆ, ನಮ್ಮ ತಲೆಯಿಂದ ಎಷ್ಟೋ ಎತ್ತರದಲ್ಲಿ. ಎರಡು ವರ್ಷ ದಿನಾ ಅದರ ಕೆಳಗೆ ಓಡಾಡಿದ್ದೇನೆ. ಅದರ ಮೇಲೆ ಒಬ್ಬ ವಿದ್ಯಾರ್ಥಿಯೂ ಕೂತು ಕ್ಲಾಸಿಗೆ ಹೋಗಿದ್ದನ್ನು ನೋಡಲಿಲ್ಲ.

ಅಮೆರಿಕದ ವರ್ಜೀನಿಯಾ ರಾಜ್ಯ, ನಾರ್ಫೋಕ್ ಊರು. ಜಗತ್ತಿನ ಅತಿ ದೊಡ್ಡ ನೌಕಾನೆಲೆ ಇರುವ ಊರು ಅದು. ಅಲ್ಲಿನ ಓಲ್ಡ್ ಡೊಮಿನಿಯನ್ ಯೂನಿವರ್ಸಿಟಿಗೆ ನಾನು 2007ರಲ್ಲಿ ಎಂ.ಎಸ್. ಮಾಡಲು ಹೋಗಿದ್ದೆ. ಮೊದಲ ವಾರ ಜೋರು ಮಳೆ. ಕೊಡೆ ತಂದಿರಲಿಲ್ಲ. ಓಡಿ ಹೋಗಿ ಆ ರೈಲು ದಾರಿಯ ತೊಲೆಯ ಕೆಳಗೆ ನಿಂತೆ. ತೊಲೆ ಅಗಲವಿರಲಿಲ್ಲ, ಅರ್ಧ ಮೈ ನೆನೆಯಿತು. ಒಂದು ತೊಲೆ ಮುಗಿದು ಇನ್ನೊಂದು ಶುರುವಾಗುವ ಕಡೆ ಬೆರಳು ತೂರುವಷ್ಟು ಸಂದು. ಅಲ್ಲಿಂದ ನೀರು ಸಣ್ಣಗೆ ಇಳಿದು ಕಂಬದ ಮೇಲೆ ಕಪ್ಪು ಗೆರೆ ಬರೆದಿತ್ತು. ಪಕ್ಕದಲ್ಲಿ ನಿಂತಿದ್ದ ಸೀನಿಯರ್ ಒಬ್ಬರನ್ನು ಇದೇನು ಅಂತ ಕೇಳಿದೆ. ‘ತೇಲುವ ರೈಲು’ ಅಂದರು. ‘ಎಲ್ಲಿದೆ?’ ಅಂದೆ. ‘ಇಲ್ಲ’ ಅಂದರು.

ಇದೆಲ್ಲ ಈಗ ಯಾಕೆ ನೆನಪಾಯಿತು ಅಂದರೆ, ಮೊನ್ನೆ ಅಕ್ಕನ ಮಗಳು ಫೋನ್ ಮಾಡಿದ್ದಳು. ಎಂಜಿನಿಯರಿಂಗ್ ಎರಡನೇ ವರ್ಷ ಅವಳು. ಐಐಟಿ ಮದ್ರಾಸ್‌ನವರು ಚೆನ್ನೈ ಹತ್ತಿರದ ತೈಯೂರು ಕ್ಯಾಂಪಸ್ಸಿನಲ್ಲಿ ಹಾಕಿರುವ 422 ಮೀಟರ್ ಹೈಪರ್‌ಲೂಪ್ ಕೊಳವೆಯ ವಿಡಿಯೋ ನೋಡಿದ್ದಾಳೆ. ಹೈಪರ್‌ಲೂಪ್ ಅಂದರೆ ಗಾಳಿ ತೆಗೆದ ಕೊಳವೆಯೊಳಗೆ ತೇಲಿಕೊಂಡು ಓಡುವ ಗಾಡಿ. ‘ಮಾವ, ಬೆಂಗಳೂರಿಂದ ಚೆನ್ನೈಗೆ ಅರ್ಧ ಗಂಟೆಯಂತೆ. ನಿಜವಾ?’ ಅಂದಳು. ಅವಳಿಗೆ ಫೋನಲ್ಲಿ ಪೂರ್ತಿ ಹೇಳಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾರ್ಫೋಕ್‌ನ ಕತೆ ಇದು. ಅಮೆರಿಕನ್ ಮ್ಯಾಗ್ಲೆವ್ ಟೆಕ್ನಾಲಜಿ ಅನ್ನುವ ಕಂಪನಿ ಮುಂದೆ ಬಂತು. ಮ್ಯಾಗ್ಲೆವ್ ಅಂದರೆ ಅಯಸ್ಕಾಂತದ ಬಲದಿಂದ ತೇಲುವ ರೈಲು. ಜೊತೆಗೆ ಯುದ್ಧವಿಮಾನ ಮಾಡುವ ಲಾಕ್‌ಹೀಡ್ ಮಾರ್ಟಿನ್, ಡೊಮಿನಿಯನ್ ವಿದ್ಯುತ್ ಕಂಪನಿ, ಯೂನಿವರ್ಸಿಟಿ ಸೇರಿದವು. ಒಟ್ಟು ಅಂದಾಜು 1.4 ಕೋಟಿ ಡಾಲರ್. ಅದರಲ್ಲಿ 70 ಲಕ್ಷ ಡಾಲರ್ ವರ್ಜೀನಿಯಾ ಸರ್ಕಾರ ಕೊಟ್ಟ ಸಾಲ. ಸುಮಾರು ಒಂದು ಕಿಲೋಮೀಟರ್ ದಾರಿ. ಒಂದೇ ಡಬ್ಬಿ. ಗಂಟೆಗೆ 40 ಮೈಲಿ ವೇಗ. 2002ರಲ್ಲಿ ವಿದ್ಯಾರ್ಥಿಗಳು ಹತ್ತಿ ಇಳಿಯುತ್ತಾರೆ, ದೇಶದಲ್ಲಿ ಜನ ದಿನಾ ಬಳಸುವ ಮೊದಲ ಮ್ಯಾಗ್ಲೆವ್ ಇದೇ ಆಗುತ್ತದೆ ಅಂತ ಎಲ್ಲ ಕಡೆ ಹೇಳಿದರು.

ದಾರಿ ಎದ್ದಿತು. ಡಬ್ಬಿ ಬಂತು. 2002ರಲ್ಲಿ ಓಡಿಸಿ ನೋಡಿದಾಗ ಗಾಡಿ ನಡುಗಿತು. ಸರಿ ಮಾಡುವಷ್ಟರಲ್ಲಿ ದುಡ್ಡು ಮುಗಿಯಿತು. ಕೊನೆಗೆ ಕಂಪನಿ ಎಲ್ಲವನ್ನೂ ಸಂಶೋಧನೆಗೆ ಅಂತ ಯೂನಿವರ್ಸಿಟಿ ಕೈಗೆ ಬಿಟ್ಟಿತು.

ಯಾಕೆ ನಡುಗಿತು? ಇದು ನನಗೆ ತುಂಬ ಹತ್ತಿರದ ವಿಷಯ, ಸ್ವಲ್ಪ ಉದ್ದ ಆದರೂ ಹೇಳುತ್ತೇನೆ.

ತೇಲುವ ರೈಲಿನಲ್ಲಿ ಬೇರೆ ಬೇರೆ ಬಗೆ ಇವೆ. ಇಲ್ಲಿಯದು ಎಳೆತದ ಬಗೆ. ಗಾಡಿಯ ಕೆಳಭಾಗ ಹಳಿಯ ಅಡಿಗೆ ಕೈ ಹಾಕಿದ ಹಾಗೆ ಬಾಗಿರುತ್ತದೆ. ಅಲ್ಲಿರುವ ಅಯಸ್ಕಾಂತ ಮೇಲಿನ ಉಕ್ಕಿನ ಹಳಿಯ ಕಡೆ ತನ್ನನ್ನು ತಾನೇ ಎಳೆದುಕೊಳ್ಳುತ್ತದೆ. ಅದರ ಜೊತೆ ಗಾಡಿಯೂ ಏಳುತ್ತದೆ. ಆದರೆ ಅಯಸ್ಕಾಂತದ ಗುಣ ಗೊತ್ತಲ್ಲ, ಹತ್ತಿರ ಹೋದಷ್ಟೂ ಎಳೆತ ಜಾಸ್ತಿ. ಬಿಟ್ಟರೆ ಹೋಗಿ ಹಳಿಗೆ ಅಂಟಿಕೊಳ್ಳುತ್ತದೆ. ಸ್ವಲ್ಪ ದೂರವಾದರೆ ಎಳೆತ ಕಮ್ಮಿಯಾಗಿ ಗಾಡಿ ಕೆಳಗೆ ಕೂರುತ್ತದೆ. ಇಂಥ ರೈಲುಗಳಲ್ಲಿ ನಡುವಿನ ಸಂದು ಸುಮಾರು ಒಂದು ಸೆಂಟಿಮೀಟರ್. ಅದನ್ನು ಕಾಯಲು ಕಂಪ್ಯೂಟರ್ ಕ್ಷಣಕ್ಷಣಕ್ಕೂ ಕರೆಂಟು ಹೆಚ್ಚು ಕಡಿಮೆ ಮಾಡುತ್ತಲೇ ಇರಬೇಕು. ಅಂಗೈ ಮೇಲೆ ಕೋಲು ನಿಲ್ಲಿಸುವ ಆಟ ಆಡಿದವರಿಗೆ ಇದು ಅರ್ಥವಾಗುತ್ತದೆ. ಕೋಲು ವಾಲುವ ಮೊದಲೇ ಕೈ ಸರಿಯಬೇಕು.

ಈಗ ಅದೇ ಆಟವನ್ನು ಸಂಕದ ಮೇಲೆ ನಿಂತು ಆಡಿ.

ನಮ್ಮ ಮನೆ ತೀರ್ಥಹಳ್ಳಿ ಕಡೆ. ತೋಟಕ್ಕೆ ಹೋಗಲು ಹಳ್ಳ ದಾಟಬೇಕು. ಎರಡು ಅಡಿಕೆ ಮರ ಜೋಡಿಸಿ ಹಾಕಿದ ಸಂಕ, ಒಂದು ಕಡೆ ಕೈಗೆ ಬಿದಿರು. ಕಾಲಿಟ್ಟರೆ ಬಗ್ಗುತ್ತದೆ, ಎತ್ತಿದರೆ ಏಳುತ್ತದೆ. ನಡುವೆ ಹೋಗಿ ನಿಂತು ಸಮತೂಕ ಮಾಡಲು ಹೋದರೆ ಮುಗಿಯಿತು. ನೀವು ಒಂದು ಸಲ ಕಾಲು ಒತ್ತುತ್ತೀರಿ, ಸಂಕ ಒಂದು ಸಲ ಆಡುತ್ತದೆ. ಅದಕ್ಕೆ ನೀವು ಮತ್ತೆ ಒತ್ತುತ್ತೀರಿ, ಅದು ಇನ್ನೂ ಜಾಸ್ತಿ ಆಡುತ್ತದೆ. ಚಿಕ್ಕವನಿದ್ದಾಗ ಅಪ್ಪ ಆಚೆ ದಡದಿಂದ ಕೂಗುತ್ತಿದ್ದರು, ‘ಮಧ್ಯ ನಿಲ್ಬೇಡ, ನಡೀತಾ ಬಾ’ ಅಂತ.

ನಾರ್ಫೋಕ್‌ನ ಗಾಡಿಗೂ ತೊಲೆಗೂ ಇದೇ ಜಟಾಪಟಿ. ಇಂಥ ರೈಲುಗಳ ಮೇಲೆ ಕೆಲಸ ಮಾಡಿದ ಎಂಜಿನಿಯರುಗಳೆಲ್ಲ ಹೆದರುವುದು ಇದಕ್ಕೇ. ಗಾಡಿ ನಿಂತಾಗ, ಅಥವಾ ನಿಧಾನ ಹೋಗುವಾಗ, ಅಯಸ್ಕಾಂತ ತೊಲೆಯನ್ನು ಎಳೆಯುತ್ತದೆ, ತೊಲೆ ಬಗ್ಗುತ್ತದೆ, ಸಂದು ಬದಲಾಯಿತು ಅಂತ ಕಂಪ್ಯೂಟರ್ ಮತ್ತೆ ಎಳೆಯುತ್ತದೆ. ಎರಡರ ತಾಳ ಕೂಡಿತೋ, ನಡುಕ ತಾನಾಗೇ ಬೆಳೆಯುತ್ತದೆ.

ಇದಕ್ಕೆ ನೇರವಾದ ಮದ್ದು ತೊಲೆಯನ್ನು ದಪ್ಪ ಮಾಡುವುದು, ಕಂಬಗಳನ್ನು ಹತ್ತಿರ ಹಾಕುವುದು. ಆದರೆ ಆ ಯೋಜನೆಯ ಮೂಲ ಆಸೆಯೇ ಕಡಿಮೆ ಖರ್ಚು. ಬುದ್ಧಿಯೆಲ್ಲ ಗಾಡಿಯಲ್ಲಿರಲಿ, ದಾರಿ ಸರಳವಾಗಿರಲಿ ಅನ್ನುವ ಲೆಕ್ಕ. ಸೆನ್ಸರು, ಅಯಸ್ಕಾಂತ, ಕಂಪ್ಯೂಟರು ಎಲ್ಲ ಗಾಡಿಗೆ. ದಾರಿ ಅಂದರೆ ಹಗುರ ತೊಲೆ ಮತ್ತು ಉಕ್ಕು, ಅಷ್ಟೇ. ಯೋಚನೆ ಒಳ್ಳೆಯದೇ. ಯಾವ ರೈಲಿನಲ್ಲಾದರೂ ದುಡ್ಡು ತಿನ್ನುವುದು ದಾರಿ. ಅದನ್ನು ಅಗ್ಗ ಮಾಡಿದರೆ ಸಣ್ಣ ಊರಿಗೂ ರೈಲು ಹೋದೀತು. ಆ ಆಸೆ ಇಟ್ಟುಕೊಂಡವರನ್ನು ನಾನು ಯಾವತ್ತೂ ಹಗುರವಾಗಿ ನೋಡಿಲ್ಲ.

ಒಂದು ಭಾನುವಾರ ಫೋನಿನಲ್ಲಿ ಇದನ್ನೆಲ್ಲ ಅಪ್ಪನಿಗೆ ವಿವರಿಸಿದೆ. ಅಪ್ಪ ಓದಿದ್ದು ಏಳನೇ ಕ್ಲಾಸು. ಪೂರ್ತಿ ಕೇಳಿಸಿಕೊಂಡು, ‘ಮರ ಸಣ್ಣದಾಯ್ತು ಹಂಗಾದ್ರೆ. ಇಲ್ಲಾ ನಡುವೆ ಒಂದು ಕಂಬ ಕೊಡ್ಬೇಕಿತ್ತು’ ಅಂದರು. ಆಮೇಲೆ, ‘ಮೊದ್ಲು ಒಂದು ಸಂಕ ಹಾಕಿ ನೋಡ್ಲಿಲ್ವಾ ಅವ್ರು?’ ಅಂತ ಕೇಳಿದರು.

ಈ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಕಂಪನಿ ಮೊದಲೇ ಫ್ಲೋರಿಡಾದಲ್ಲಿ ಪರೀಕ್ಷೆ ಮಾಡಿತ್ತು, ನಿಜ. ಆದರೆ ನಾರ್ಫೋಕ್‌ನಲ್ಲಿ ಕಂಬದ ಮೇಲೆ ಕೂತ ತೊಲೆ ಹೊಸದು, ಅದರ ಮೇಲಿನ ಗಾಡಿಯೂ ಹೊಸದು. ಎರಡು ತೊಲೆ ನಿಲ್ಲಿಸಿ, ಅದರ ಮೇಲೆ ಗಾಡಿಯನ್ನು ಒಂದೆರಡು ವರ್ಷ ತೇಲಿಸಿ, ಇಳಿಸಿ, ಮತ್ತೆ ತೇಲಿಸಿ ನೋಡಬಹುದಿತ್ತು. ಮೂವತ್ತು, ಐವತ್ತು ಮೀಟರ್ ಸಾಕಿತ್ತು. ಅದರ ಬದಲು ಇಡೀ ಕಿಲೋಮೀಟರ್ ಕಾಂಕ್ರೀಟ್ ಎದ್ದು ನಿಂತಿತು. ದುಡ್ಡು ಅಲ್ಲಿ ಹೋಯಿತು. ಗಾಡಿ ನಡುಗಿದಾಗ ಎರಡನೇ ಸಲ, ಮೂರನೇ ಸಲ ಪ್ರಯತ್ನ ಮಾಡಲು ಕೈಯಲ್ಲಿ ಕಾಸಿರಲಿಲ್ಲ.

ಯಾಕೆ ಹೀಗಾಯಿತು ಅನ್ನುವುದಕ್ಕೆ ನನ್ನ ಉತ್ತರ ಒಂದೇ. ಪ್ರಯೋಗಕ್ಕೆ ಬಸ್ಸಿನ ಹಾಗೆ ಟೈಮು ಕೊಟ್ಟರು. ಇಂಥ ವರ್ಷ ಶುರು, ಇಷ್ಟು ಜನ ಹತ್ತುತ್ತಾರೆ ಅಂತ ಹೇಳಿದ ಮೇಲೆ ಹಿಂದೆ ಹೋಗಲಾಗುವುದಿಲ್ಲ. ಐವತ್ತು ಮೀಟರ್ ತೊಲೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಯಾವ ಸರ್ಕಾರಕ್ಕೂ ಮನಸ್ಸು ಬರುವುದಿಲ್ಲ. ಕಿಲೋಮೀಟರ್ ಬೇಕು, ನಿಲ್ದಾಣ ಬೇಕು.

ಆಮೇಲೆ ಆಗಿದ್ದನ್ನು ಜಾಸ್ತಿ ಜನ ಹೇಳುವುದಿಲ್ಲ. ಯೂನಿವರ್ಸಿಟಿಯ ಪ್ರೊಫೆಸರುಗಳು, ವಿದ್ಯಾರ್ಥಿಗಳು ಕೇಂದ್ರ ಸರ್ಕಾರದ ಸಣ್ಣ ಅನುದಾನ ಹಿಡಿದು ಕೆಲಸ ಮುಂದುವರಿಸಿದರು. ಡಬ್ಬಿಯನ್ನು ಪಕ್ಕಕ್ಕಿಟ್ಟು, ಅಯಸ್ಕಾಂತಗಳಿರುವ ಕೆಳಗಿನ ಚೌಕಟ್ಟನ್ನು ಮಾತ್ರ ತೆಗೆದುಕೊಂಡು ಅದನ್ನು ನೆಟ್ಟಗೆ ತೇಲಿಸುವುದನ್ನು ಕಲಿತರು. ಪೇಪರ್ ಬರೆದರು. ಮುಂದೆ ಮ್ಯಾಸಚೂಸೆಟ್ಸ್‌ನ ಮ್ಯಾಗ್ನೆಮೋಷನ್ ಕಂಪನಿ ತನ್ನದೇ ಬೇರೆ ಬಗೆಯ ಮ್ಯಾಗ್ಲೆವ್ ಪರೀಕ್ಷೆಗೆ ಅದೇ ದಾರಿಯ ಸಣ್ಣ ತುಂಡನ್ನು ಬಳಸಿಕೊಂಡಿತು. ಅಂದರೆ ಅಪ್ಪ ಮೊದಲು ಮಾಡಬೇಕಿತ್ತು ಅಂದದ್ದು ಕೊನೆಯಲ್ಲಿ ನಡೆಯಿತು. ಅಷ್ಟು ಹೊತ್ತಿಗೆ ಆ ದಾರಿ ಊರವರ ಬಾಯಲ್ಲಿ ನಗೆಪಾಟಲಾಗಿತ್ತು. ರಾತ್ರಿ ಹನ್ನೊಂದರವರೆಗೆ ಲ್ಯಾಬಿನಲ್ಲಿ ಕೂತವರಿಗೂ ಅದೇ ನಗು ತಗಲುತ್ತಿತ್ತು. ಅದು ನನಗೆ ಸಹಿಸಲು ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ.

ತೇಲುವ ರೈಲೇ ಆಗದ ಮಾತು ಅನ್ನುವವರಿದ್ದಾರೆ. ಹಾಗಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣದಲ್ಲಿ 1984ರಿಂದ 1995ರವರೆಗೆ ಸಣ್ಣ ಮ್ಯಾಗ್ಲೆವ್ ಓಡಿತು. ಜಪಾನಿನ ಐಚಿಯಲ್ಲಿ ಲಿನಿಮೊ 2005ರಲ್ಲಿ ಶುರುವಾಯಿತು, ಸುಮಾರು 9 ಕಿಲೋಮೀಟರ್. ಅದೂ ಎಳೆತದ ಬಗೆಯದೇ. ನಾರ್ಫೋಕ್‌ನಲ್ಲಿ ದುಡ್ಡು ಮುಗಿದ ಮೂರೇ ವರ್ಷಕ್ಕೆ ಜಪಾನಿನಲ್ಲಿ ಜನ ಟಿಕೆಟ್ ತಗೊಂಡು ಹತ್ತುತ್ತಿದ್ದರು. ಜಪಾನಿನವರು ಅದಕ್ಕೆ ಮೊದಲು ದಶಕಗಳ ಕಾಲ ಪರೀಕ್ಷಾ ದಾರಿಯಲ್ಲಿ ಓಡಿಸಿ ನೋಡಿದ್ದರು.

ಕ್ಯಾಂಪಸ್ಸಿನ ಪ್ರಯೋಗ ಗೆದ್ದ ಉದಾಹರಣೆಯೂ ಇದೆ, ಅದೂ ವರ್ಜೀನಿಯಾದ ಪಕ್ಕದ ರಾಜ್ಯದಲ್ಲೇ. ವೆಸ್ಟ್ ವರ್ಜೀನಿಯಾ ಯೂನಿವರ್ಸಿಟಿ, ಮಾರ್ಗನ್‌ಟೌನ್. ಅಲ್ಲಿ 1975ರಿಂದ ಡ್ರೈವರ್ ಇಲ್ಲದ ಸಣ್ಣ ಸಣ್ಣ ಗಾಡಿಗಳು ಓಡುತ್ತಿವೆ. ಇವು ತೇಲುವುದಿಲ್ಲ, ರಬ್ಬರ್ ಟೈರಿನವು. ಐದು ನಿಲ್ದಾಣ, ಸುಮಾರು 14 ಕಿಲೋಮೀಟರ್. ಒಂದು ರಜೆಯಲ್ಲಿ ಗೆಳೆಯನ ಜೊತೆ ಹೋಗಿದ್ದೆ. ಗೇಟಿನಲ್ಲಿ ಎಲ್ಲಿಗೆ ಹೋಗಬೇಕೋ ಅದರ ಬಟನ್ ಒತ್ತುವುದು, ಆಮೇಲೆ ನಿಂತು ಕಾಯುವುದು. ಗಾಡಿ ಬಂತು. ಒಳಗೆ ಎಂಟು ಸೀಟು. ಎದುರಿಗೆ ಕೂತ ಹುಡುಗಿ ತೊಡೆ ಮೇಲೆ ಪುಸ್ತಕ ಬಿಚ್ಚಿಕೊಂಡು ಪರೀಕ್ಷೆಗೆ ಓದುತ್ತಿದ್ದಳು, ತಲೆಯೆತ್ತಿ ಕಿಟಕಿಯ ಆಚೆ ಕೂಡ ನೋಡಲಿಲ್ಲ. ಒಂದು ಕಾಲದಲ್ಲಿ ಇದನ್ನೂ ದುಡ್ಡು ದಂಡ ಅಂತ ಬೈದಿದ್ದರು. ಅಂದಾಜಿಗಿಂತ ಹಲವು ಪಟ್ಟು ಖರ್ಚಾಗಿತ್ತು. ಆದರೂ ಕೇಂದ್ರ ಸರ್ಕಾರ ಕೈಬಿಡಲಿಲ್ಲ. ಮೊದಲ ಹಂತ ಆದಮೇಲೆ ನಿಲ್ಲಿಸಿ, ತಿದ್ದಿ, ಮುಂದಕ್ಕೆ ಬೆಳೆಸಿದರು. ನಾರ್ಫೋಕ್‌ನ ಕಂಬಗಳು ನೆನಪಾಗಿ ಹೊಟ್ಟೆಯಲ್ಲಿ ಏನೋ ಸಂಕಟವಾಯಿತು.

ಇನ್ನೊಂದು, ಬ್ರೆಜಿಲ್‌ನ ರಿಯೊ. ಅಲ್ಲಿನ ಫೆಡರಲ್ ಯೂನಿವರ್ಸಿಟಿಯವರು ‘ಮ್ಯಾಗ್ಲೆವ್ ಕೋಬ್ರಾ’ ಅಂತ ಒಂದು ಮಾಡಿದರು. ಸೂಪರ್ ಕಂಡಕ್ಟರ್‌ಗಳನ್ನು, ಅಂದರೆ ತುಂಬ ತಣ್ಣಗಾದಾಗ ಕರೆಂಟಿಗೆ ತಡೆಯೇ ಒಡ್ಡದ ವಸ್ತುಗಳನ್ನು, ದ್ರವ ಸಾರಜನಕದಲ್ಲಿ ತಣ್ಣಗೆ ಮಾಡಿ ತೇಲಿಸುವ ಬಗೆ. ದಾರಿ ಬರೀ 200 ಮೀಟರ್, ಎರಡು ಕಟ್ಟಡಗಳ ನಡುವೆ. ವಾರಕ್ಕೊಂದು ದಿನ, ಮಂಗಳವಾರ, ನೋಡಲು ಬಂದವರನ್ನು ಹತ್ತಿಸಿಕೊಂಡು ಹೋಗಿ ಬರುತ್ತಿತ್ತು. ಇದು ಪ್ರಯೋಗ ಅಂತ ಅವರು ಹೇಳಿದರು, ಪ್ರಯೋಗದಷ್ಟೇ ಕಟ್ಟಿದರು. ನನಗೆ ಇದು ಬಹಳ ಇಷ್ಟ.

ನಾರ್ಫೋಕ್‌ಗೆ ಕೊನೆಗೆ ಬಂದದ್ದು ಹಳೇ ಕಾಲದ, ಹಳಿಯ ಮೇಲೆ ಚಕ್ರ ಉರುಳುವ ಲೈಟ್ ರೈಲು. ‘ದಿ ಟೈಡ್’ ಅಂತ ಹೆಸರು. 2011ರ ಆಗಸ್ಟ್‌ನಲ್ಲಿ ಶುರುವಾಯಿತು, ಸುಮಾರು 12 ಕಿಲೋಮೀಟರ್. ನಮ್ಮ ಯೂನಿವರ್ಸಿಟಿ ಕಡೆಗೆ ಅದು ಬರುವುದಿಲ್ಲ.

ನಮ್ಮ ಕಡೆಗೂ ಒಂದು ಮಾತು. 2020ರಲ್ಲಿ ಬೆಂಗಳೂರು ವಿಮಾನ ನಿಲ್ದಾಣದವರು ವರ್ಜಿನ್ ಹೈಪರ್‌ಲೂಪ್ ಜೊತೆ ಒಪ್ಪಂದ ಮಾಡಿಕೊಂಡರು. ಊರೊಳಗಿಂದ ಏರ್‌ಪೋರ್ಟಿಗೆ ಹತ್ತು ನಿಮಿಷ ಅಂತ ಪೇಪರುಗಳಲ್ಲಿ ಬಂತು. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಕೂತು ಎಷ್ಟು ಜನ ಅದನ್ನು ಶೇರ್ ಮಾಡಿದ್ದರೋ. 2023ರ ಕೊನೆಗೆ ಆ ಕಂಪನಿಯೇ ಬಾಗಿಲು ಹಾಕಿತು.

ಐಐಟಿ ಮದ್ರಾಸ್‌ನ ಹುಡುಗರ ಮೇಲೆ ನನಗೆ ಪೂರ್ತಿ ಅಭಿಮಾನ ಇದೆ. 422 ಮೀಟರ್ ಅಂದರೆ ಒಂದು ಪ್ರಯೋಗಕ್ಕೆ ತಕ್ಕ ಅಳತೆ. ಅವರಿಗೆ ಹತ್ತು ವರ್ಷ ಕೊಡಬೇಕು. ಕೆಟ್ಟರೆ ಮತ್ತೆ ಮಾಡಲು ದುಡ್ಡು ಕೊಡಬೇಕು. ದಯವಿಟ್ಟು ಅರ್ಧ ಗಂಟೆಯ ಮಾತನ್ನು ಅವರ ತಲೆ ಮೇಲೆ ಹೊರಿಸಬೇಡಿ. ಮುಂದೆ ಏನಾದರೂ ತಡವಾದರೆ ‘ಎಲ್ಲಿ ನಿಮ್ಮ ರೈಲು?’ ಅಂತ ಆ ಹುಡುಗರನ್ನು ಕೇಳುವವರು ಇವತ್ತು ವಿಡಿಯೋ ಫಾರ್ವರ್ಡ್ ಮಾಡುತ್ತಿರುವ ನಾವೇ ಅಲ್ವಾ?

ಅಕ್ಕನ ಮಗಳು ಕಾಲೇಜಿನವರ ಜೊತೆ ತೈಯೂರಿಗೆ ಹೋಗಿ ನೋಡಬೇಕು ಅಂತಿದ್ದಾಳೆ. ಹೋಗು ಅಂದೆ. ವೇಗ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ, ನೀನು ನಿಂತಲ್ಲೇ ಎಷ್ಟು ಹೊತ್ತು ತೇಲುತ್ತದೆ ಅಂತ ಕೇಳಿಕೊಂಡು ಬಾ ಅಂದೆ. ‘ಯಾಕೆ ಮಾವ, ನಿಲ್ಲೋದೇನು ಕಷ್ಟ?’ ಅಂದಳು. ಮುಂದಿನ ತಿಂಗಳು ಮಳೆ ಹಿಡಿಯುತ್ತದೆ. ಊರಿಗೆ ಬಂದಾಗ ತೋಟದ ಹಳ್ಳಕ್ಕೆ ಕರೆದುಕೊಂಡು ಹೋಗಿ ಸಂಕದ ನಡುವೆ ನಿಲ್ಲಿಸುತ್ತೇನೆ.