ಅರ್ಧ ತೆರೆದ ಕಿಟಕಿ

ಚಿಕ್ಕಂದಿನಲ್ಲಿ ನನಗೂ ತಂಗಿಗೂ ಒಂದೇ ಕೋಣೆ, ಅದಕ್ಕೆ ಒಂದೇ ಕಿಟಕಿ. ರಾತ್ರಿ ಅದು ತೆರೆದಿರಬೇಕು ಅಂತ ಅವಳು, ಮುಚ್ಚಿರಬೇಕು ಅಂತ ನಾನು. ಕೇಳಿ ಕೇಳಿ ಸಾಕಾದ ಅಮ್ಮ ಒಂದು ದಿನ ಬಂದು ಕಿಟಕಿಯನ್ನು ಸರಿಯಾಗಿ ಅರ್ಧಕ್ಕೆ ನಿಲ್ಲಿಸಿ, "ಇನ್ನು ಸದ್ದು ಬರಬಾರದು" ಅಂತ ಹೇಳಿ ಹೋದಳು. ನ್ಯಾಯವೇನೋ ಆಯಿತು. ತಂಗಿಯ ಗೊಣಗಾಟ ನಿಲ್ಲಲಿಲ್ಲ, ನನಗೆ ಹೊರಗಿನ ಗಲಾಟೆ ತಪ್ಪಲಿಲ್ಲ. ಇಬ್ಬರ ಸಿಟ್ಟೂ ಅಮ್ಮನ ಕಡೆ ತಿರುಗಿತು. ಅಷ್ಟರ ಮಟ್ಟಿಗೆ ಒಗ್ಗಟ್ಟು ಬಂತು ಅನ್ನಿ.

ಆವತ್ತಿನಿಂದ ಫಿಫ್ಟಿ ಫಿಫ್ಟಿ ತೀರ್ಪು ಅಂದರೆ ನನಗೆ ಅಷ್ಟಕ್ಕಷ್ಟೇ.

ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ಕಿಟಕಿ ಜಗಳ ನಮ್ಮದೊಂದೇ ಅಲ್ಲ. ಅಮೆರಿಕದ ಆಡಳಿತ ಚಿಂತಕಿ ಮೇರಿ ಪಾರ್ಕರ್ ಫಾಲೆಟ್ 1925ರಲ್ಲೇ ಇಂಥದೊಂದು ಪ್ರಸಂಗ ಹೇಳಿದ್ದರು. ಗ್ರಂಥಾಲಯದ ಕೋಣೆಯಲ್ಲಿ ಇನ್ನೊಬ್ಬರಿಗೆ ಕಿಟಕಿ ತೆರೆಯಬೇಕು, ಈಕೆಗೆ ಬೇಡ. ಕೊನೆಗೆ ಯಾರೂ ಇಲ್ಲದ ಪಕ್ಕದ ಕೋಣೆಯ ಕಿಟಕಿ ತೆರೆದರಂತೆ. ಅವರಿಗೆ ಬೇಕಿದ್ದದ್ದು ಗಾಳಿ. ಈಕೆಗೆ ಬೇಡವಾಗಿದ್ದದ್ದು ನೇರವಾಗಿ ಮೈಗೆ ಬಡಿಯುವ ಗಾಳಿ, ಅಷ್ಟೇ. ಯಾರೂ ಸೋಲಲಿಲ್ಲ.

ನಮ್ಮನೇಲಿ 'ಯಾಕೆ' ಅಂತ ಯಾರೂ ಕೇಳಲೇ ಇಲ್ಲ. ಸುಳ್ಳು, ಕೇಳಿದ್ದೆವು. ಆದರೆ ಸಿಟ್ಟಿನಲ್ಲಿ ಕೇಳುವ 'ಯಾಕೆ' ಪ್ರಶ್ನೆಯಲ್ಲ, ಗದರಿಕೆ. ಅದಕ್ಕೆ ಉತ್ತರ ಬರುವುದಿಲ್ಲ, ತಿರುಗುಬಾಣ ಬರುತ್ತದೆ. ಅದೇ ಮಾತನ್ನು ಮಾರನೇ ದಿನ ಬೆಳಿಗ್ಗೆ ಕೇಳಿದ್ದರೆ ಬೇರೆ ಥರ ಇರುತ್ತಿತ್ತೇನೋ. ಬೆಳಿಗ್ಗೆ ಯಾರಿಗೆ ನೆನಪಿರುತ್ತದೆ ಹೇಳಿ?

ಎಲ್ಲ ಜಗಳಕ್ಕೂ ಪಕ್ಕದ ಕೋಣೆ ಸಿಗುವುದಿಲ್ಲ ಅನ್ನುವುದೂ ನಿಜ. ಇರುವುದು ಒಂದೇ, ಬೇಕು ಇಬ್ಬರಿಗೂ. ಆಗ ಮಕ್ಕಳ ಉಪಾಯವೇ ವಾಸಿ: ಒಬ್ಬರು ಪಾಲು ಮಾಡುವುದು, ಇನ್ನೊಬ್ಬರು ಮೊದಲು ಆರಿಸಿಕೊಳ್ಳುವುದು. ಪಾಲು ಮಾಡುವವರ ಕಣ್ಣು ಆಗ ತಕ್ಕಡಿಗಿಂತ ಚುರುಕು! ಬರೀ ಮಕ್ಕಳಾಟ ಅನ್ನಬೇಡಿ. ವಿಶ್ವಸಂಸ್ಥೆಯ 1982ರ ಸಮುದ್ರ ಕಾನೂನು ಒಪ್ಪಂದದಲ್ಲೂ ಇದು ಇದೆ. ಯಾವ ದೇಶಕ್ಕೂ ಸೇರದ ಸಾಗರತಳದಲ್ಲಿ ಗಣಿಗಾರಿಕೆಗೆ ಅರ್ಜಿ ಹಾಕುವವರು ಆ ಜಾಗವನ್ನು ಸಮ ಬೆಲೆಯ ಎರಡು ಭಾಗ ಮಾಡಿ ತೋರಿಸಬೇಕು. ಅಂತಾರಾಷ್ಟ್ರೀಯ ಸಾಗರತಳ ಪ್ರಾಧಿಕಾರ ಅದರಲ್ಲೊಂದನ್ನು ಆರಿಸಿ ಕಾದಿರಿಸಿಕೊಳ್ಳುತ್ತದೆ. ಸಮುದ್ರದ ತಳಕ್ಕೇ ಆಗುವ ಉಪಾಯ ನಮ್ಮ ಕಿಟಕಿಗೆ ಆಗುತ್ತಿರಲಿಲ್ಲ, ಅದು ಬೇರೆ ಮಾತು.

ಮೊನ್ನೆ ತಂಗಿ ಬಂದಿದ್ದಳು. ಮಾತಿನ ಮಧ್ಯೆ ಸುಮ್ನೆ ಕೇಳಿದೆ, "ಅಲ್ಲ ಕಣೇ, ನಿನಗೆ ಅಷ್ಟೊಂದು ಗಾಳಿ ಯಾಕೆ ಬೇಕಿತ್ತು?"

"ಗಾಳಿ ಯಾರಿಗೆ ಬೇಕಿತ್ತು?" ಅಂದಳು. "ಹೊರಗಿನ ಗಲಾಟೇಲಿ ನಿನ್ನ ಗೊರಕೆ ಕೇಳ್ತಿರಲಿಲ್ಲ."