ಕವರತ್ತಿಗೆ ಆಧಾರ್ ಒಂದೇ ಸಾಲದು
"ಆಧಾರ್ ತೋರಿಸಿ, ಮಂಗಳೂರಿನ ಹಳೆ ಬಂದರಿನಲ್ಲಿ ಮಂಜಿ ಹಡಗು ಹತ್ತಿ, ಪರ್ಮಿಟ್ ಇಲ್ಲದೆ ಕವರತ್ತಿಗೆ ಹೋಗಿ" ಎಂಬ ವಾಟ್ಸಾಪ್ ಮೆಸೇಜ್ ನಿಮಗೂ ಬಂದಿರಬಹುದು. ಅದನ್ನು ನಂಬಿ ಬ್ಯಾಗ್ ಕಟ್ಟಬೇಡಿ.

ಕವರತ್ತಿ ಲಕ್ಷದ್ವೀಪದ ರಾಜಧಾನಿ. ಲಕ್ಷದ್ವೀಪಕ್ಕೆ ಹೋಗಲು ಹೊರಗಿನವರಿಗೆ, ಅಂದರೆ ನಮಗೂ, ಪ್ರವೇಶ ಪರ್ಮಿಟ್ ಬೇಕು. 1967ರಿಂದಲೂ ಈ ನಿಯಮ ಇದೆ. ಆಧಾರ್ ಬರೀ ಗುರುತಿನ ಚೀಟಿ, ಅಷ್ಟೇ.

ಇನ್ನು ಮಂಜಿ. ಒಮ್ಮೆ ಧಕ್ಕೆಯಲ್ಲಿ ನಿಂತು ನೋಡಿ: ಜಲ್ಲಿ, ಸಿಮೆಂಟ್, ತರಕಾರಿ ಮೂಟೆ ತುಂಬುತ್ತಿರುತ್ತಾರೆ. ಅದು ಸರಕಿನ ಹಡಗು, ಟೂರಿಸ್ಟ್ ಬೋಟ್ ಅಲ್ಲ. ಮಳೆಗಾಲದಲ್ಲಂತೂ ಹೊರಡುವುದೇ ಇಲ್ಲ. 1956ರವರೆಗೆ ಲಕ್ಷದ್ವೀಪದ ಅಮಿನಿ ಕಡೆಯ ದ್ವೀಪಗಳು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ನಿಜ. ಆದರೆ ಆ ಸಲುಗೆ ಈಗ ನಡೆಯುವುದಿಲ್ಲ, ಅಲ್ವಾ?

ಮೆಸೇಜಿನ ಕೊನೆಯಲ್ಲಿ "ಕವರತ್ತಿ ಏರ್‌ಪೋರ್ಟ್" ಅಂತಲೂ ಇದೆ. ರಾಜಧಾನಿಯಾದರೂ ಅಲ್ಲಿ ವಿಮಾನ ಇಳಿಯುವ ರನ್‌ವೇ ಇಲ್ಲ. ಅದು ಇರುವುದು ಅಗತ್ತಿ ದ್ವೀಪದಲ್ಲಿ. ಕೊಚ್ಚಿಯಿಂದ ಅಲ್ಲಿಗೆ ವಿಮಾನ, ಅಲ್ಲಿಂದ ಕವರತ್ತಿಗೆ ಬೋಟ್. ಕೊಚ್ಚಿಯಿಂದ ನೇರವಾಗಿ ಹಡಗಿನಲ್ಲೂ ಹೋಗಬಹುದು. ಹೇಗೆ ಹೋದರೂ ಮೊದಲು ಪರ್ಮಿಟ್, ಆಮೇಲೆ ಟಿಕೆಟ್.

ಹಾಂ, ವಾಪಸ್ ಬರುವಾಗ ನೆನಪಿಗೆ ಅಂತ ಸುಮ್ನೆ ಒಂದು ಹವಳದ ತುಂಡನ್ನೂ ತರಬೇಡಿ. ಅದು ಅಪರಾಧ.