ಪುಸ್ತಕ ಕೊಳ್ಳುವ ಮೊದಲು ಹಾವಿನ ಪುಟ ತೆರೆದು ನೋಡಿ

ಎಂಬಿಬಿಎಸ್ ಎರಡನೇ ಹಂತಕ್ಕೆ ಬಂದ ಮಕ್ಕಳು, ಅವರಿಗಿಂತ ಹೆಚ್ಚಾಗಿ ಅವರ ಅಪ್ಪ ಅಮ್ಮ, ವರ್ಷ ವರ್ಷವೂ ಕೇಳುವ ಪ್ರಶ್ನೆ ಒಂದೇ: ಫಾರ್ಮಕಾಲಜಿಗೆ, ಅಂದರೆ ಔಷಧಶಾಸ್ತ್ರಕ್ಕೆ, ಯಾವ ಪುಸ್ತಕ ಕೊಳ್ಳಬೇಕು? ರೋಗಶಾಸ್ತ್ರ ಎನ್ನುವ ಪೆಥಾಲಜಿಗೆ ಈ ಗೊಂದಲವಿಲ್ಲ, ರಾಬಿನ್ಸ್ ಎಂದರೆ ಮುಗಿಯಿತು. ಫಾರ್ಮಕಾಲಜಿಗೆ ಮಾತ್ರ ಸೀನಿಯರ್ ಒಂದು ಹೇಳುತ್ತಾನೆ, ಅಂಗಡಿಯವನು ಇನ್ನೊಂದು ತೋರಿಸುತ್ತಾನೆ, ಯೂಟ್ಯೂಬಿನ ಮೇಷ್ಟ್ರು ಪುಸ್ತಕವೇ ಬೇಡ, ನನ್ನ ನೋಟ್ಸ್ ಸಾಕು ಎನ್ನುತ್ತಾರೆ. ಕಾರವಾರದಲ್ಲಿ 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಈ ಪ್ರಶ್ನೆ ಕುಮಟಾದ ನನ್ನ ಕ್ಲಿನಿಕ್ಕಿನ ಬಾಗಿಲಿಗೂ ಬರತೊಡಗಿದೆ. ಮೊನ್ನೆ ಶಿರಸಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಫೋನ್ ಮಾಡಿ, "ಡಾಕ್ಟರೇ, ನಮ್ಮ ಕೂಸಿಗೆ ಎಲ್ಲಕ್ಕಿಂತ ದಪ್ಪದ್ದೇ ಕೊಡಿಸಿಬಿಡಲೇ? ದುಡ್ಡಿನ ಚಿಂತೆಯಿಲ್ಲ" ಎಂದರು.

ಎಲ್ಲಕ್ಕಿಂತ ದಪ್ಪದ್ದು ಎಂದರೆ ಗುಡ್‌ಮನ್ ಅಂಡ್ ಗಿಲ್ಮನ್. ಬೇಡ ಎಂದೆ. ಅದರ ಮೇಲೆ ನನಗೆ ಸಿಟ್ಟೇನಿಲ್ಲ. 1941ರಲ್ಲಿ ಮೊದಲು ಅಚ್ಚಾದ ಆ ಪುಸ್ತಕ ಇಂದಿಗೂ ಈ ವಿಷಯದ ಹಿರಿಯಣ್ಣ. ಅದನ್ನು ಬರೆದ ಇಬ್ಬರೇ ಮರುವರ್ಷಗಳಲ್ಲಿ ನೈಟ್ರೋಜನ್ ಮಸ್ಟರ್ಡನ್ನು ಕ್ಯಾನ್ಸರಿಗೆ ಪ್ರಯೋಗಿಸಿ ಕೀಮೋಥೆರಪಿಗೆ ನಾಂದಿ ಹಾಡಿದರು. ಗಿಲ್ಮನ್ ತಮ್ಮ ಮಗನಿಗೆ ಗೆಳೆಯನ ಹೆಸರನ್ನೂ ಸೇರಿಸಿ ಆಲ್ಫ್ರೆಡ್ ಗುಡ್‌ಮನ್ ಗಿಲ್ಮನ್ ಎಂದು ಹೆಸರಿಟ್ಟರು. ಆ ಮಗನಿಗೆ ಜೀವಕೋಶದ ಹೊರಗಿನ ಸಂಕೇತವನ್ನು ಒಳಗೆ ದಾಟಿಸುವ ಜಿ-ಪ್ರೋಟೀನುಗಳ ಸಂಶೋಧನೆಗಾಗಿ 1994ರಲ್ಲಿ ನೊಬೆಲ್ ಬಂತು. ರಿಸೆಪ್ಟರ್ ಅಧ್ಯಾಯದಲ್ಲಿ ನಮ್ಮ ಹುಡುಗರು ಹಲ್ಲು ಕಚ್ಚಿಕೊಂಡು ಬಾಯಿಪಾಠ ಮಾಡುವ ಜಿ-ಪ್ರೋಟೀನು ಅದೇ. ಇಂಥ ಪುಸ್ತಕ ಕಾಲೇಜಿನ ಗ್ರಂಥಾಲಯದಲ್ಲಿರಬೇಕು, ಸಂಶಯ ಬಂದಾಗ ಹೋಗಿ ತೆರೆಯಬೇಕು. ಹಾಸ್ಟೆಲ್ ಕೋಣೆಯಲ್ಲಿ ಅದು ಸೊಳ್ಳೆ ಪರದೆಯ ತುದಿ ಹಾರದಂತೆ ಒತ್ತಿಡಲು ಬಳಕೆಯಾಗುವುದನ್ನು ನಾನೇ ಕಂಡಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಾಳೆ ಜೊಯಿಡಾದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೀವೊಬ್ಬರೇ ಇರುವಾಗ ಬರುವ ರೋಗಿಯ ವಿಷಯದಲ್ಲಿ ಪುಸ್ತಕ ಏನು ಹೇಳುತ್ತದೆ ಎಂಬುದನ್ನು ನೋಡಿ ಆರಿಸಿ. ಉತ್ತರ ಕನ್ನಡದಲ್ಲಿ ದೊಡ್ಡ ಕಾಯಿಲೆಯೆಂದರೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾ. ಘಟ್ಟದ ತಿರುವುಗಳಲ್ಲಿ ಆಂಬುಲೆನ್ಸ್ ಓಡುವ ಆ ಕೆಲವು ಗಂಟೆ ರೋಗಿಯನ್ನು ಉಳಿಸಬೇಕಾದದ್ದು ಮೊದಲು ಕೊಟ್ಟ ಔಷಧ. ಹಾಗಾಗಿ ಅಂಗಡಿಯಲ್ಲಿ ನಿಂತು ಮುಖಪುಟ ಸವರುವುದನ್ನು ಬಿಟ್ಟು ಕೆಲವೇ ಪುಟಗಳನ್ನು ತೆರೆದು ನೋಡಿ.

ಮೊದಲು ಹಾವು. ಭಾರತದಲ್ಲಿ ಸಿಗುವ ಪಾಲಿವೇಲೆಂಟ್ ಪ್ರತಿವಿಷವನ್ನು ನಾಲ್ಕು ಹಾವುಗಳ ವಿಷದಿಂದ ತಯಾರಿಸುತ್ತಾರೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಪ್ರತಿ ಮಿಲಿಲೀಟರು ಕೊಳಕುಮಂಡಲದ 0.6 ಮಿಲಿಗ್ರಾಂ ವಿಷವನ್ನು, ಕಟ್ಟುಹಾವಿನದಾದರೆ 0.45 ಮಿಲಿಗ್ರಾಂ ವಿಷವನ್ನು ತಟಸ್ಥಗೊಳಿಸುತ್ತದೆ. ನಮ್ಮ ಘಟ್ಟದ ತೋಟಗಳಲ್ಲಿ, ತರಗೆಲೆಯ ರಾಶಿಯಲ್ಲಿ ಇರುವ, ಮೂತಿ ಮೇಲೆದ್ದ ಸಣ್ಣ ಗುಳಿಮಂಡಲ ಈ ನಾಲ್ಕರಲ್ಲಿ ಇಲ್ಲ. ಅದು ಕಚ್ಚಿದರೂ ರಕ್ತ ಹೆಪ್ಪುಗಟ್ಟದೆ ಹೋಗಬಹುದು, ಮೂತ್ರಪಿಂಡ ಕೆಡಬಹುದು, ಆದರೆ ನಮ್ಮ ಪ್ರತಿವಿಷ ಅದರ ಮುಂದೆ ಕೆಲಸ ಮಾಡುವುದಿಲ್ಲ. ಕೊಳಕುಮಂಡಲದ ಮರಿಯೆಂದು ತಿಳಿದು ಬಾಟಲಿಯ ಮೇಲೆ ಬಾಟಲಿ ಏರಿಸಿದರೆ ರೋಗಿಗೆ ಸಿಗುವುದು ಪ್ರತಿವಿಷದ ಅಲರ್ಜಿ ಮಾತ್ರ. ಅಮೆರಿಕದ ಪುಸ್ತಕ ಇದನ್ನು ಹೇಳಲಿ ಎಂದು ನಿರೀಕ್ಷಿಸುವುದೇ ತಪ್ಪು, ಅಲ್ಲಿ ಬಾಲದಿಂದ ಸದ್ದು ಮಾಡುವ ರ್‍ಯಾಟಲ್ ಸ್ನೇಕ್ ಹಾವಿನ ಚಿಂತೆ ಬೇರೆ. ನಿಮ್ಮ ಕೈಯಲ್ಲಿರುವ ಪುಸ್ತಕ ಪ್ರತಿವಿಷದ ಪ್ರಮಾಣ ಹೇಳುತ್ತದೆಯೇ, ಮಗುವಿಗೂ ದೊಡ್ಡವರಿಗೂ ಪ್ರಮಾಣ ಒಂದೇ ಏಕೆ ಎಂದು ವಿವರಿಸುತ್ತದೆಯೇ (ಹಾವು ಕಚ್ಚುವಾಗ ತೂಕ ನೋಡಿ ವಿಷ ಬಿಡುವುದಿಲ್ಲ), ಪಕ್ಕದಲ್ಲಿ ಅಡ್ರಿನಲಿನ್ ತುಂಬಿಟ್ಟುಕೊಳ್ಳಿ ಎಂದು ಎಚ್ಚರಿಸುತ್ತದೆಯೇ ನೋಡಿ. ಜೀವಕ್ಕೇ ಕುತ್ತು ತರುವ ಅಲರ್ಜಿಯಾದ ಅನಫೈಲಾಕ್ಸಿಸ್‌ಗೆ ಮೊದಲ ಔಷಧ ತೊಡೆಯ ಸ್ನಾಯುವಿಗೆ ಅಡ್ರಿನಲಿನ್. ಅವಿಲ್, ಹೈಡ್ರೋಕಾರ್ಟಿಸೋನ್ ಎರಡೂ ಆಮೇಲಿನ ಮಾತು. ಈ ಕ್ರಮವನ್ನು ಒತ್ತಿ ಹೇಳದ ಪುಸ್ತಕವನ್ನು ಅಲ್ಲೇ ಮಡಚಿಡಿ.

ಎರಡನೆಯದು ಕ್ಷಯ. ಅಮೆರಿಕದ ಪುಸ್ತಕಗಳಲ್ಲಿ ಎರಡು ತಿಂಗಳು ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಎರಡೇ. ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಆ ನಾಲ್ಕು ತಿಂಗಳಲ್ಲೂ ಎಥಾಂಬ್ಯುಟಾಲ್ ಮುಂದುವರಿಯುತ್ತದೆ, ಏಕೆಂದರೆ ಇಲ್ಲಿ ಐಸೋನಿಯಾಜಿಡ್‌ಗೆ ಬಗ್ಗದ ಕ್ರಿಮಿಗಳ ಪಾಲು ಕಡಿಮೆಯೇನಲ್ಲ. ತೂಕದ ಪಟ್ಟಿ ನೋಡಿ ಪ್ರತಿದಿನ ಮಿಶ್ರ ಮಾತ್ರೆ ಕೊಡಬೇಕು. ಅಂಕೋಲಾದ ಆಶಾ ಕಾರ್ಯಕರ್ತೆಗೆ ಗೊತ್ತಿರುವ ಈ ಸಂಗತಿ ವಿದೇಶಿ ಪುಸ್ತಕ ಓದಿದ ಹೌಸ್ ಸರ್ಜನ್‌ಗೆ ಗೊತ್ತಿಲ್ಲದಿದ್ದರೆ ಹೇಗೆ?

ಇದೇ ಅಧ್ಯಾಯದಲ್ಲಿ ಕರಾವಳಿಯವರು ಹುಡುಕಬೇಕಾದ ಇನ್ನೊಂದು ಸಾಲಿದೆ. ಮಂಜುಗಡ್ಡೆಯಿಲ್ಲದೆ ಬಿಸಿಲಲ್ಲಿ ಬಿದ್ದಿದ್ದ ಬಂಗಡೆಯಲ್ಲಿ ಬ್ಯಾಕ್ಟೀರಿಯಾಗಳು ಮೀನಿನ ಮಾಂಸದಲ್ಲಿರುವ ಹಿಸ್ಟಿಡಿನ್ ಅನ್ನು ಹಿಸ್ಟಮಿನ್ ಆಗಿ ಬದಲಾಯಿಸುತ್ತವೆ. ಕುದಿಸಿದರೂ, ಹುರಿದರೂ ಅದು ಹೋಗುವುದಿಲ್ಲ. ಊಟವಾದ ಸ್ವಲ್ಪ ಹೊತ್ತಿಗೆ ಮುಖ ಕೆಂಪೇರಿ, ತಲೆ ಸಿಡಿದು, ಎದೆ ಡವಗುಟ್ಟುತ್ತದೆ. ಜನ ಅದನ್ನು ಮೀನಿನ ಅಲರ್ಜಿ ಎನ್ನುತ್ತಾರೆ. ಐಸೋನಿಯಾಜಿಡ್ ತೆಗೆದುಕೊಳ್ಳುವವರಲ್ಲಿ ಹಿಸ್ಟಮಿನ್ ಒಡೆಯುವ ಕಿಣ್ವವೇ ತಡೆಗೊಳ್ಳುವುದರಿಂದ ಕಡಿಮೆ ಹಿಸ್ಟಮಿನ್ ಇರುವ ಮೀನೂ ಇದೇ ಆಟ ಆಡಿಸಬಹುದು. ರೋಗಿ ಏನೆಂದುಕೊಳ್ಳುತ್ತಾನೆ? ಕ್ಷಯದ ಮಾತ್ರೆ ತನಗೆ ಆಗುವುದಿಲ್ಲ ಎಂದುಕೊಂಡು ಬಿಟ್ಟುಬಿಡುತ್ತಾನೆ. ಕಾರವಾರದ ಬಂದರಿನ ಪಕ್ಕದಲ್ಲಿ ಕೂತು ಓದುವ ವಿದ್ಯಾರ್ಥಿಗೆ ಈ ಒಂದು ಸಾಲು ಹತ್ತು ವರ್ಗೀಕರಣ ಪಟ್ಟಿಗಳಿಗಿಂತ ಹೆಚ್ಚು. ಅದು ನಿಮ್ಮ ಪುಸ್ತಕದಲ್ಲಿ ಇಲ್ಲದಿದ್ದರೆ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳಿ.

ಘಟ್ಟದ ಮೇಲಿನವರು ಮೈಗೆ ಸೇರಿದ ಲೋಹವನ್ನು ಹಿಡಿದು ಹೊರಹಾಕುವ ಕೀಲೇಷನ್ ಔಷಧಗಳ ಅಧ್ಯಾಯ ತೆರೆಯಬೇಕು. ಪರೀಕ್ಷೆಗೆ ಎರಡು ಅಂಕದ ಅಧ್ಯಾಯವೆಂದು ಎಲ್ಲರೂ ಹಾರಿಸುವ ಪುಟಗಳು ಅವು. ಆದರೆ ಮಳೆಗಾಲಕ್ಕೆ ಮೊದಲು ಕೊಳೆರೋಗಕ್ಕೆಂದು ಬೋರ್ಡೋ ದ್ರಾವಣ ಹೊಡೆಯುವ ಶಿರಸಿ, ಸಿದ್ದಾಪುರದ ಮನೆಗಳ ಕೊಟ್ಟಿಗೆಯಲ್ಲಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಇದ್ದೇ ಇರುತ್ತದೆ. ಅದು ಹೊಟ್ಟೆಗೆ ಹೋದರೆ ಕೆಂಪು ರಕ್ತಕಣ ಒಡೆಯುತ್ತದೆ, ಯಕೃತ್ತು, ಮೂತ್ರಪಿಂಡಗಳಿಗೆ ಪೆಟ್ಟು ಬೀಳುತ್ತದೆ. ಪೆನಿಸಿಲ್ಲಮಿನ್ ಎಂಬ ಹೆಸರು ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಗೆ ಮಾತ್ರ ಎಂದು ಕಲಿತವರಿಗೆ ಅದು ತಾಮ್ರವನ್ನೇ ಹಿಡಿದು ಹೊರಹಾಕುವ ಔಷಧ ಎಂಬುದು ಆಗ ಹೊಳೆಯಬೇಕು. ಮಂಗನ ಕಾಯಿಲೆಗೆ ಮಾತ್ರ ಯಾವ ಪುಸ್ತಕದ ಯಾವ ಪುಟವನ್ನೂ ತೆರೆಯಲು ಹೇಳಲಾರೆ. 1957ರಲ್ಲಿ ಪತ್ತೆಯಾದ ಕಾಯಿಲೆಗೆ ಇಂದಿಗೂ ನಿರ್ದಿಷ್ಟ ಔಷಧವಿಲ್ಲ. ಜ್ವರಕ್ಕೆ ಪ್ಯಾರಸಿಟಮಾಲ್ ಕೊಡಿ, ರಕ್ತಸ್ರಾವ ಹೆಚ್ಚಿಸುವ ಆಸ್ಪಿರಿನ್ ಕೊಡಬೇಡಿ ಎನ್ನುವಷ್ಟೇ ಫಾರ್ಮಕಾಲಜಿ.

ಈ ಪುಟಗಳನ್ನು ಇಟ್ಟುಕೊಂಡು ನೋಡಿದರೆ ನನ್ನ ಮಟ್ಟಿಗೆ ಆಯ್ಕೆ ಸುಲಭ. ಮೂಲ ಪುಸ್ತಕ ಭಾರತದ್ದೇ ಆಗಬೇಕು. ಕೆ.ಡಿ. ತ್ರಿಪಾಠಿ ಅವರ ಪುಸ್ತಕ 1985ರಿಂದ ಈ ಜಾಗದಲ್ಲಿ ಕೂತಿದೆ, ಕಾರಣವಿಲ್ಲದೆ ಕೂತಿಲ್ಲ. ಔಷಧಗಳ ವರ್ಗೀಕರಣವನ್ನು ವಂಶವೃಕ್ಷದ ಹಾಗೆ ಬಿಡಿಸಿಡುತ್ತದೆ, ಪ್ರಮಾಣ ಕೊಡುತ್ತದೆ, ನಮ್ಮ ರಾಷ್ಟ್ರೀಯ ಕಾರ್ಯಕ್ರಮಗಳ ಔಷಧ ಕ್ರಮ ಕೊಡುತ್ತದೆ. ಅದರ ದೋಷವೂ ಹೇಳಬೇಕು: ಓದಿಸಿಕೊಂಡು ಹೋಗುವುದಿಲ್ಲ. ಸಣ್ಣ ಅಕ್ಷರದಲ್ಲಿ ಕಿಕ್ಕಿರಿದ ಪುಟಗಳು. ಬ್ರ್ಯಾಂಡ್ ಹೆಸರುಗಳ ಸಾಲು ಸಾಲು ನೋಡಿದರೆ ಮೆಡಿಕಲ್ ಶಾಪಿನ ಕಪಾಟು ನೆನಪಾಗುತ್ತದೆ. ನೂರು ಪುಟ ಓದಿದ ಮೇಲೆ ಹುಡುಗ ಸೋತು ನೋಟ್ಸಿನ ಕಡೆಗೆ ಓಡುತ್ತಾನೆ.

ಸೋಲಬಾರದೆಂದರೆ ಜೊತೆಗೆ ಔಷಧ ಕೆಲಸ ಮಾಡುವ ಬಗೆಯನ್ನು ಚೆನ್ನಾಗಿ ಹೇಳುವ ಒಂದು ವಿದೇಶಿ ಪುಸ್ತಕ ಇರಲಿ, ಎರವಲಾದರೂ ಸರಿ. ಚಿತ್ರ ನೋಡಿ ಅರ್ಥ ಮಾಡಿಕೊಳ್ಳುವವರಿಗೆ ಲಿಪಿನ್‌ಕಾಟ್, ಗದ್ಯ ಓದುವ ಅಭ್ಯಾಸವಿದ್ದವರಿಗೆ ಬ್ರಿಟಿಷರ ರ್‍ಯಾಂಗ್ ಅಂಡ್ ಡೇಲ್. ಕಟ್ಜುಂಗ್ ಪ್ರತಿ ಅಧ್ಯಾಯವನ್ನು ಒಬ್ಬ ರೋಗಿಯ ಕಥೆಯಿಂದ ಆರಂಭಿಸಿ ಕೊನೆಗೆ ಉತ್ತರ ಹೇಳುತ್ತದೆ. ನನಗೆ ಆ ಕ್ರಮ ಬಹಳ ಇಷ್ಟ. ಆದರೆ ಅಲ್ಲಿಂದ ಔಷಧ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತೆಗೆದುಕೊಳ್ಳಿ, ಚಿಕಿತ್ಸೆಯ ಕ್ರಮವನ್ನು ನಮ್ಮ ಪುಸ್ತಕದಲ್ಲೇ ನೋಡಿ. ಇನ್ನು ನಮ್ಮ ಕರಾವಳಿಯಲ್ಲೇ ಪಾಠ ಮಾಡಿದವರ ಪುಸ್ತಕಗಳೂ ಇವೆ: ಮಂಗಳೂರಿನ ಪದ್ಮಜಾ ಉದಯಕುಮಾರ್ ಅವರದು, ಮಣಿಪಾಲದ ತಾರಾ ಶಾನಭಾಗ ಅವರದು. ಪರೀಕ್ಷೆ ಹತ್ತಿರ ಬಂದಾಗ ಉತ್ತರವನ್ನು ಅಚ್ಚುಕಟ್ಟಾಗಿ ಜೋಡಿಸಿಕೊಳ್ಳಲು ಅವು ಅನುಕೂಲ. ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯ ನಾಡಿ ಅವರಿಗೆ ಗೊತ್ತು.

ಕೋಚಿಂಗ್ ನೋಟ್ಸಿನ ಬಗ್ಗೆ ಹೇಳದೆ ಬಿಟ್ಟರೆ ಹುಡುಗರು ನಗುತ್ತಾರೆ. ಎರಡನೇ ವರ್ಷದಲ್ಲೇ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಯ ನೋಟ್ಸ್ ಹಿಡಿದು ಕೂರುವವರು ಈಗ ಎಲ್ಲ ಕಡೆಯೂ ಇದ್ದಾರೆ. ಆರ್ಗನೋಫಾಸ್ಫೇಟ್ ಜಾತಿಯ ಕ್ರಿಮಿನಾಶಕ ಕುಡಿದವರಿಗೆ ಏನು ಕೊಡಬೇಕು ಎಂದರೆ "ಅಟ್ರೋಪಿನ್" ಎಂದು ಅರೆಕ್ಷಣದಲ್ಲಿ ಉತ್ತರಿಸುತ್ತಾರೆ. ಎಷ್ಟು, ಎಲ್ಲಿಯವರೆಗೆ ಎಂದು ಕೇಳಿ ನೋಡಿ. ಕಣ್ಣಿನ ಪಾಪೆ ಅಗಲವಾಗುವವರೆಗೆ ಎನ್ನುತ್ತಾರೆ ಹಲವರು. ಪಾಪೆ ನಂಬಿಕೊಂಡು ಕೂರುವಂತಿಲ್ಲ. ಎದೆಯ ಗೊರಗೊರ ಸದ್ದು ನಿಂತು ಶ್ವಾಸ ತಿಳಿಯಾಗುವವರೆಗೆ, ನಾಡಿ ಏರಿ ರಕ್ತದೊತ್ತಡ ನಿಲ್ಲುವವರೆಗೆ ಕೆಲವು ನಿಮಿಷಕ್ಕೊಮ್ಮೆ ಪ್ರಮಾಣವನ್ನು ಇಮ್ಮಡಿ ಮಾಡುತ್ತ ಹೋಗಬೇಕು. ಅಟ್ರೋಪಿನ್ ಸ್ರಾವವನ್ನು ನಿಲ್ಲಿಸುತ್ತದೆ, ಸ್ನಾಯುಗಳ ನಿಶ್ಶಕ್ತಿಯನ್ನು ಮುಟ್ಟುವುದಿಲ್ಲ. ಉಸಿರಾಟದ ಸ್ನಾಯುಗಳು ಕೈಕೊಟ್ಟರೆ ವೆಂಟಿಲೇಟರ್ ಬೇಕು, ಅದಕ್ಕಾಗಿ ಮೊದಲೇ ವ್ಯವಸ್ಥೆ ಮಾಡಬೇಕು. ಇಷ್ಟನ್ನು ಒಂದು ಸಾಲಿನ ನೋಟ್ಸ್ ಹೇಳಲಾರದು. ಅಟ್ರೋಪಿನ್ ತಡೆಯುವ ಮಸ್ಕರಿನಿಕ್, ಅದು ಮುಟ್ಟದ ನಿಕೋಟಿನಿಕ್ ರಿಸೆಪ್ಟರುಗಳ ಭೇದ ಪುಸ್ತಕದಲ್ಲಿ ನಿಧಾನವಾಗಿ ಓದಿದವನಿಗೆ ಮಾತ್ರ ಆ ರಾತ್ರಿ ತಲೆ ಓಡುತ್ತದೆ.

ದುಡ್ಡು ಕೊಡದೆ ಸಿಗುವ ಒಂದು ಪುಸ್ತಕವನ್ನು ಹೆಚ್ಚಿನವರು ತೆರೆದೇ ನೋಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ತಂದ, ಔಷಧ ಚೀಟಿ ಬರೆಯುವುದನ್ನು ಕಲಿಸುವ ತೆಳು ಕೈಪಿಡಿ ಅದು. ಒಂದು ಕಾಯಿಲೆಗೆ ಇರುವ ಔಷಧಗಳಲ್ಲಿ ಪರಿಣಾಮ, ಸುರಕ್ಷತೆ, ಅನುಕೂಲ, ಬೆಲೆ ತೂಗಿ ನಿಮ್ಮದೇ ಒಂದು ಔಷಧವನ್ನು ಆರಿಸಿಕೊಳ್ಳುವ ಪಿ-ಡ್ರಗ್ ಕ್ರಮ ಅದರಲ್ಲಿದೆ. 2019ರಲ್ಲಿ ಬಂದ ಪಠ್ಯಕ್ರಮ ಪ್ರಾಯೋಗಿಕ ತರಗತಿಯಲ್ಲಿ ಕೇಳುವುದು ಇದನ್ನೇ. ಅದರ ಜೊತೆಗೆ 384 ಔಷಧಗಳ 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯನ್ನು ಮೊಬೈಲಿನಲ್ಲಿ ಇಳಿಸಿಕೊಳ್ಳಿ. ಓದಿದ ಔಷಧ ಅದರಲ್ಲಿ ಇದ್ದರೆ ಪುಸ್ತಕದಲ್ಲಿ ಒಂದು ಗುರುತು ಹಾಕಿ. ರ್‍ಯಾನಿಟಿಡಿನ್ ಆ ಪಟ್ಟಿಯಿಂದ ಹೊರಬಿದ್ದಿದೆ ಎಂಬುದು ಆಗ ತಾನಾಗಿ ಕಣ್ಣಿಗೆ ಬೀಳುತ್ತದೆ, ಯಾಕೆ ಎಂದು ಹುಡುಕುವಂತಾಗುತ್ತದೆ.

ಹಳೆಯ ಆವೃತ್ತಿ ಆದೀತೇ ಎಂದು ಕೇಳುವವರು ಬಹಳ. ಅರ್ಧ ಆದೀತು. ಸ್ವಾಯತ್ತ ನರವ್ಯೂಹದ ಅಧ್ಯಾಯ ಹತ್ತು ವರ್ಷದ ಹಿಂದಿನದಾದರೂ ನಷ್ಟವಿಲ್ಲ, ಅಟ್ರೋಪಿನ್ ಬದಲಾಗಿಲ್ಲ. ಮಧುಮೇಹ, ಕ್ಯಾನ್ಸರ್, ಕ್ಷಯ ಈ ಮೂರು ಮಾತ್ರ ಹಳೆಯದು ಬೇಡ. ಮರಳಿ ಚಿಕಿತ್ಸೆ ಬೇಕಾದವರಿಗೆ ಸ್ಟ್ರೆಪ್ಟೊಮೈಸಿನ್ ಸೂಜಿ ಕೊಡುತ್ತಿದ್ದ ಹಳೆಯ ಕೆಟಗರಿ-2 ಕ್ಷಯ ಚಿಕಿತ್ಸೆ ಈಗಿಲ್ಲ. ಔಷಧಕ್ಕೆ ಬಗ್ಗದ ಕ್ಷಯಕ್ಕೆ ಬೆಡಾಕ್ವಿಲಿನ್ ಇರುವ ಹೊಸ ಮಾತ್ರೆಗಳ ಕ್ರಮಕ್ಕೆ ಕೇಂದ್ರ ಆರೋಗ್ಯ ಇಲಾಖೆ 2024ರಲ್ಲಷ್ಟೇ ಒಪ್ಪಿಗೆ ಕೊಟ್ಟಿದೆ.

ಶಿರಸಿಯ ಆ ಹೆಗಡೆಯವರಿಗೂ ಇದನ್ನೇ ಹೇಳಿದೆ. "ಹಾಗಾದರೆ ಉಳಿದ ದುಡ್ಡಿಗೆ ಏನು ಕೊಡಿಸಲಿ?" ಎಂದರು. ಒಳ್ಳೆಯ ಓದುವ ದೀಪ ಕೊಡಿಸಿ ಎಂದೆ. ನನ್ನ ಹತ್ತಿರ ಹಳೆಯ ತ್ರಿಪಾಠಿಯ ಪ್ರತಿಯೊಂದಿದೆ. ಕೊಳ್ಳಲು ಕಷ್ಟವಿರುವ ವಿದ್ಯಾರ್ಥಿ ಯಾರಾದರೂ ಇದ್ದರೆ ಕುಮಟಾಕ್ಕೆ ಬಂದು ಒಯ್ಯಬಹುದು. ಕ್ಷಯದ ಅಧ್ಯಾಯವನ್ನು ಮಾತ್ರ ಪಿನ್ ಹೊಡೆದು ಮುಚ್ಚಿಯೇ ಕೊಡುತ್ತೇನೆ.